ಸ್ಕೋರ್ ಬಿಡಿ, ಕೆಳಗಿನ ಸಾಲು ಓದಿ: ನಿಮ್ಮ ಸಿಬಿಲ್ ರಿಪೋರ್ಟ್‌ನಲ್ಲಿ ಸಾಲ ಕೊಡುವವರಿಗೆ ಕಾಣುವುದೇನು?

ಸಾಲದ ಮಾತು ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಸಿಬಿಲ್ ಎಷ್ಟಿದೆ?’ ಅಂದರೆ, ಇಲ್ಲಿಯವರೆಗೆ ಸಾಲ ಕಟ್ಟಿದ ರೀತಿ ನೋಡಿ ನಿಮಗೆ ಕೊಟ್ಟ ಅಂಕ ಎಷ್ಟು ಅಂತ. 760 ಇದ್ದವರು ಎದೆ ಉಬ್ಬಿಸಿ ಹೇಳುತ್ತಾರೆ. 640 ಇದ್ದವರು ದನಿ ಇಳಿಸುತ್ತಾರೆ. ಥೇಟ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಇದ್ದ ಹಾಗೆ. ಆದರೆ ಬ್ಯಾಂಕಿನಲ್ಲಿ ನಿಮ್ಮ ಅರ್ಜಿ ಹಿಡಿದು ಕೂತವರು ಆ ಅಂಕಿಗೇ ನಿಲ್ಲುವುದಿಲ್ಲ. ಕೆಳಗೆ ಇಳಿಯುತ್ತಾರೆ. ಯಾವ ಸಾಲ, ಯಾವತ್ತು ತೆಗೆದದ್ದು, ಯಾವ ತಿಂಗಳು ಕಂತು ತಪ್ಪಿತು, ಯಾರಿಗೆ ಜಾಮೀನು ನಿಂತಿದ್ದೀರಿ, ಕಳೆದ ತಿಂಗಳು ಇನ್ನೆಲ್ಲೆಲ್ಲಿ ಸಾಲ ಕೇಳಿದ್ದೀರಿ, ಎಲ್ಲವೂ ಅಲ್ಲಿ ಸಾಲು ಸಾಲಾಗಿ ಇರುತ್ತದೆ.

ನನ್ನ ಮನೆ ಸಾಲದ ಅರ್ಜಿ ಮೂರು ವಾರ ನಿಂತಿದ್ದು 413 ರೂಪಾಯಿಗೆ. ಆ ಕಥೆ ಮುಂದೆ ಹೇಳುತ್ತೇನೆ. ನನ್ನ ಸ್ಕೋರ್ ಆಗ ಕೆಟ್ಟದ್ದೇನೂ ಇರಲಿಲ್ಲ. ಕೆಳಗಿನ ಒಂದು ಸಾಲನ್ನು ನಾನು ಓದಿರಲಿಲ್ಲ, ಅವರು ಓದಿದ್ದರು, ಅಷ್ಟೇ. ಹಾಗಾಗಿ ಈ ಮಾರ್ಗದರ್ಶಿ ಸ್ಕೋರ್ ಏರಿಸುವ ಉಪಾಯಗಳ ಪಟ್ಟಿ ಅಲ್ಲ. ಮೇಜಿನ ಆ ಕಡೆಯ ಕುರ್ಚಿಯಲ್ಲಿ ಕೂತು ನಿಮ್ಮದೇ ರಿಪೋರ್ಟ್ ಓದುವುದು ಹೇಗೆ ಅನ್ನುವುದು.

ಹಂತ 1: ಪೂರ್ತಿ ರಿಪೋರ್ಟ್ ತರಿಸಿಕೊಳ್ಳಿ, ಅದೂ ಪುಕ್ಕಟೆ

ನಾವು ‘ಸಿಬಿಲ್’ ಅಂತ ಬಾಯಿ ಮಾತಲ್ಲಿ ಹೇಳಿದರೂ ನಮ್ಮ ದೇಶದಲ್ಲಿ ಎಲ್ಲರ ಸಾಲದ ಲೆಕ್ಕ ಒಟ್ಟು ಮಾಡಿ ಇಂಥ ರಿಪೋರ್ಟ್ ಕೊಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಸಿಬಿಲ್ ಎಲ್ಲರಿಗಿಂತ ಮೊದಲು, 2000ದಲ್ಲಿ ಶುರುವಾಯಿತು. ಅದಕ್ಕೇ ಜೆರಾಕ್ಸ್‌ನಂತೆ ಅದರ ಹೆಸರೇ ವಸ್ತುವಿನ ಹೆಸರಾಗಿ ಉಳಿಯಿತು. ನಾಲ್ಕೂ ನಡೆಯುವುದು 2005ರ ಒಂದು ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ಕಣ್ಗಾವಲಿನಲ್ಲಿ. ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಈ ನಾಲ್ಕಕ್ಕೂ ಸದಸ್ಯರಾಗಬೇಕು ಅಂತ 2015ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿತು. ಹಾಗಾಗಿ ನಿಮ್ಮ ಒಂದೇ ಸಾಲ ನಾಲ್ಕೂ ಕಡೆ ದಾಖಲಾಗುತ್ತದೆ.

ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಸಲ ಸ್ಕೋರ್ ಸಮೇತ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ಆ ನಿಯಮ 2017ರಿಂದ ಇದೆ. ವರ್ಷ ಅಂದರೆ ಜನವರಿಯಿಂದ ಡಿಸೆಂಬರ್. ನಾಲ್ಕು ಕಂಪನಿ, ನಾಲ್ಕು ರಿಪೋರ್ಟ್. ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ವರ್ಷವಿಡೀ ಒಂದು ಪೈಸೆ ಖರ್ಚಿಲ್ಲದೆ ಕಣ್ಣಿಡಬಹುದು.

ಕಂಪನಿಯ ಸ್ವಂತ ವೆಬ್‌ಸೈಟಿಗೇ ಹೋಗಿ. ಪ್ಯಾನ್, ಹುಟ್ಟಿದ ದಿನಾಂಕ, ಮೊಬೈಲ್‌ಗೆ ಬರುವ ಒಟಿಪಿ ಕೇಳುತ್ತಾರೆ. ಉಚಿತ ರಿಪೋರ್ಟಿನ ಕೊಂಡಿಯನ್ನು ಎದ್ದು ಕಾಣುವಂತೆ ಹಾಕಬೇಕು ಅಂತ ನಿಯಮವಿದೆ. ಆದರೂ ದಾರಿಯಲ್ಲಿ ತಿಂಗಳ ಚಂದಾದ ಬಟನ್‌ಗಳು ಸಿಗುತ್ತವೆ, ಅವಸರದಲ್ಲಿ ಒತ್ತಿಬಿಡಬೇಡಿ.

‘ಫೋನ್‌ನಲ್ಲಿ ಆ್ಯಪ್ ಇದೆ, ಸ್ಕೋರ್ ಸುಮ್ನೆ ತೋರಿಸುತ್ತದೆ’ ಅನ್ನುವವರಿದ್ದಾರೆ. ಅದು ಸುಮ್ನೆ ಅಲ್ಲ. ಆ ಆ್ಯಪ್‌ಗಳ ಹೊಟ್ಟೆಪಾಡು ಇರುವುದು ನಿಮಗೆ ಸಾಲ ಮಾರುವುದರಲ್ಲಿ. ಜೊತೆಗೆ ಅಲ್ಲಿ ಸಿಗುವುದು ಹಲವು ಸಲ ಬರೀ ಸಾರಾಂಶ. ನಮಗೆ ಬೇಕಿರುವುದು ಪೂರ್ತಿ ಪಿಡಿಎಫ್.

ನಿಮ್ಮ ರಿಪೋರ್ಟನ್ನು ನೀವೇ ಎಷ್ಟು ಸಲ ನೋಡಿದರೂ ಸ್ಕೋರ್ ಇಳಿಯುವುದಿಲ್ಲ. ಈ ಹೆದರಿಕೆ ತುಂಬಾ ಜನಕ್ಕಿದೆ, ಬಿಟ್ಟುಬಿಡಿ.

ಹಂತ 2: ಮೇಲಿನ ಭಾಗ, ಹೆಸರು ಮತ್ತು ವಿಳಾಸ

ಎಲ್ಲರೂ ಹಾರಿಸಿಬಿಡುವ ಭಾಗ ಇದು. ಹೆಸರು, ಹುಟ್ಟಿದ ದಿನ, ಲಿಂಗ, ಪ್ಯಾನ್, ವೋಟರ್ ಐಡಿ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್‌ಗಳ ಸಂಖ್ಯೆ, ಫೋನ್ ನಂಬರ್‌ಗಳು, ಇಮೇಲ್, ಹಳೆಯ ಹೊಸ ವಿಳಾಸಗಳು ಇಲ್ಲಿರುತ್ತವೆ. ಇವೆಲ್ಲ ನೀವು ಬೇರೆ ಬೇರೆ ಸಾಲದ ಅರ್ಜಿಗಳಲ್ಲಿ ಬರೆದುಕೊಟ್ಟದ್ದೇ.

ಕರ್ನಾಟಕದವರಿಗೆ ಇಲ್ಲಿ ಒಂದು ವಿಶೇಷ ತಲೆನೋವಿದೆ: ಇನಿಷಿಯಲ್. ಶಾಲೆಯ ದಾಖಲೆಯಲ್ಲಿ ‘ಮಂಜುನಾಥ ಕೆ. ಎಸ್.’, ಪ್ಯಾನ್ ಕಾರ್ಡ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದದ್ದು, ವೋಟರ್ ಐಡಿಯಲ್ಲಿ ಬರೀ ‘ಮಂಜುನಾಥ’. ಒಬ್ಬ ಬ್ಯಾಂಕಿನವರು ಒಂದು ಹೆಸರು ಕಳಿಸುತ್ತಾರೆ, ಇನ್ನೊಬ್ಬರು ಇನ್ನೊಂದು. ಪ್ಯಾನ್ ಸರಿಯಾಗಿ ಹೊಂದಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೊಂದದಿದ್ದರೆ ಎರಡರಲ್ಲೊಂದು ಆಗಬಹುದು. ನಿಮ್ಮ ಕಡತ ಎರಡಾಗಿ ಒಡೆದು, ಹತ್ತು ವರ್ಷ ನಿಯತ್ತಾಗಿ ಕಟ್ಟಿದ ಸಾಲ ಇನ್ನೊಂದು ಕಡತದಲ್ಲಿ ಉಳಿಯಬಹುದು. ಇಲ್ಲವೇ ಅದೇ ಹೆಸರಿನ ಬೇರೆ ಯಾರದ್ದೋ ಟ್ರ್ಯಾಕ್ಟರ್ ಸಾಲ ನಿಮ್ಮ ಕಡತಕ್ಕೆ ಬಂದು ಕೂರಬಹುದು. ಮಂಜುನಾಥ, ಲಕ್ಷ್ಮಮ್ಮ, ಬಸವರಾಜ ಅಂತ ಹೆಸರಿದ್ದವರು ಈ ಭಾಗವನ್ನು ಎರಡು ಸಲ ಓದಿ.

ವಿಳಾಸಗಳನ್ನೂ ನೋಡಿ. ಬೆಂಗಳೂರಲ್ಲಿ 11 ತಿಂಗಳ ಬಾಡಿಗೆ ಕರಾರು ಮುಗಿದಂತೆಲ್ಲ ಮನೆ ಬದಲಿಸಿದವರಿಗೆ ನಾಲ್ಕು ಬಡಾವಣೆಗಳ ವಿಳಾಸ ಇರುವುದು ತಪ್ಪೇನಲ್ಲ. ನೀವು ಯಾವತ್ತೂ ಕಾಲಿಡದ ಊರಿನ ವಿಳಾಸವೋ ಗೊತ್ತಿಲ್ಲದ ಫೋನ್ ನಂಬರೋ ಇದ್ದರೆ ಮಾತ್ರ ಎಚ್ಚರವಾಗಿ. ನಿಮ್ಮ ಪ್ಯಾನ್ ಬಳಸಿ ಬೇರೆ ಯಾರೋ ಸಾಲ ಕೇಳಿದ್ದಾರೆ ಅನ್ನುವುದರ ಮೊದಲ ಸುಳಿವು ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಉದ್ಯೋಗದ ಭಾಗದಲ್ಲಿ ಸಂಬಳದಾರರೋ ಸ್ವಂತ ಉದ್ಯೋಗವೋ ಅಂತ ಇರುತ್ತದೆ. ಕೆಲವು ಸಲ ಸಾಲ ತೆಗೆದಾಗ ಹೇಳಿದ ಆದಾಯವೂ ಇರುತ್ತದೆ. ಅದು ಹಳೆಯದ್ದು ಅಂತ ಬ್ಯಾಂಕಿನವರಿಗೂ ಗೊತ್ತು. ಅವರು ನಂಬುವುದು ಸಂಬಳದ ಚೀಟಿಯನ್ನು, ಇದನ್ನಲ್ಲ.

ಹಂತ 3: ಸಾಲಗಳ ಪಟ್ಟಿ

ಇಲ್ಲಿಂದ ಅಸಲಿ ಓದು ಶುರು. ಪ್ರತಿ ಸಾಲಕ್ಕೂ ಒಂದು ಚೌಕ. ಮನೆ ಸಾಲ, ಚಿನ್ನದ ಸಾಲ, ಬೈಕ್ ಸಾಲ, ಕಿಸಾನ್ ಕಾರ್ಡ್, ಓದಿನ ಸಾಲ, ಕ್ರೆಡಿಟ್ ಕಾರ್ಡ್, ಓವರ್‌ಡ್ರಾಫ್ಟ್, ಹಬ್ಬಕ್ಕೆ ಕಂತಿನಲ್ಲಿ ತಂದ ಫ್ರಿಜ್, ಎಲ್ಲವೂ. ‘ಈಗ ಕೊಳ್ಳಿ, ಆಮೇಲೆ ಕೊಡಿ’ ಅಂತ ಆ್ಯಪ್‌ನಲ್ಲಿ ತೆಗೆದ 2,000 ರೂಪಾಯಿ ಕೂಡ ಎಷ್ಟೋ ಸಲ ಒಂದು ಪೂರ್ತಿ ಸಾಲವಾಗಿಯೇ ಬರುತ್ತದೆ. ತೆಗೆದುಕೊಂಡಾಗ ಅದು ಸಾಲ ಅಂತಲೇ ಅನ್ನಿಸಿರುವುದಿಲ್ಲ. ಚಿನ್ನ ಅಡವಿಟ್ಟಿದ್ದು ಮನೆಯವರಿಗೆ ಗೊತ್ತಿಲ್ಲದಿರಬಹುದು, ಬ್ಯಾಂಕಿಗೆ ಗೊತ್ತಿರುತ್ತದೆ.

ಪ್ರತಿ ಚೌಕದಲ್ಲಿ ಸಾಲ ತೆಗೆದ ದಿನ, ಮಂಜೂರಾದ ಮೊತ್ತ, ಈಗಿನ ಬಾಕಿ, ಕೊನೆಯ ಸಲ ಹಣ ಕಟ್ಟಿದ ದಿನ, ಮುಗಿದಿದ್ದರೆ ಮುಗಿದ ದಿನ, ಗಡುವು ಮೀರಿದ ಮೊತ್ತ ಇರುತ್ತವೆ. ಕಂತಿನ ಮೊತ್ತ, ಬಡ್ಡಿ ದರ, ಅಡಮಾನದ ವಿವರ ಕೆಲವರು ಕಳಿಸುತ್ತಾರೆ, ಕೆಲವರು ಖಾಲಿ ಬಿಡುತ್ತಾರೆ.

ಒಂದು ಸ್ವಾರಸ್ಯದ ವಿಷಯ. ನಿಮ್ಮ ಪ್ರತಿಯಲ್ಲಿ ಸಾಲ ಕೊಟ್ಟ ಪ್ರತಿ ಬ್ಯಾಂಕಿನ ಹೆಸರೂ ಕಾಣುತ್ತದೆ. ಬ್ಯಾಂಕಿನವರು ತರಿಸುವ ಪ್ರತಿಯಲ್ಲಿ ಅವರದೇ ಸಾಲ ಬಿಟ್ಟು ಉಳಿದವರ ಹೆಸರು ಮುಚ್ಚಿರುತ್ತದೆ. ಆ ಜಾಗದಲ್ಲಿ ‘ನಾಟ್ ಡಿಸ್‌ಕ್ಲೋಸ್ಡ್’ ಅಂತ ಇರುತ್ತದೆ. ಅಂದರೆ ನೀವು ಇನ್ನೊಂದು ಕಡೆ 8 ಲಕ್ಷ ಸಾಲ ಮಾಡಿದ್ದು, ಎರಡು ಕಂತು ತಪ್ಪಿಸಿದ್ದು ಕಾಣುತ್ತದೆ, ಯಾವ ಬ್ಯಾಂಕು ಅನ್ನುವುದು ಕಾಣುವುದಿಲ್ಲ. ಅದಕ್ಕೇ ಅಧಿಕಾರಿ ‘ಈ ಸಾಲ ಎಲ್ಲಿಯದು?’ ಅಂತ ನಿಮ್ಮನ್ನೇ ಕೇಳುವುದು. ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ನಿಜವಾಗಿಯೂ ಗೊತ್ತಿರುವುದಿಲ್ಲ.

ಚೌಕದಲ್ಲಿ ‘ಓನರ್‌ಶಿಪ್’ ಅನ್ನುವ ಒಂದು ಸಾಲು ಇದೆ. ಅಲ್ಲಿ ಕಣ್ಣು ನಿಲ್ಲಿಸಿ. ಒಬ್ಬರದೇ, ಜಂಟಿ, ಜಾಮೀನುದಾರ, ಹೀಗೆ ಬರೆದಿರುತ್ತದೆ. ನಮ್ಮೂರುಗಳಲ್ಲಿ ಜಾಮೀನು ಹಾಕುವುದು ಅಂದರೆ ಒಂದು ಸಹಿ, ಒಂದು ಕಾಫಿ. ಭಾವಮೈದುನನ ಗೂಡ್ಸ್ ಆಟೋಗೆ ಐದು ವರ್ಷದ ಹಿಂದೆ ಹಾಕಿದ ಸಹಿ ನಿಮ್ಮ ಕಡತದಲ್ಲಿ ಒಂದು ಸಾಲವಾಗಿಯೇ ಕೂತಿರುತ್ತದೆ. ಅವನು ಕಂತು ತಪ್ಪಿಸಿದ ತಿಂಗಳು ನಿಮ್ಮ ರಿಪೋರ್ಟಿನಲ್ಲೂ ಕಾಣುತ್ತದೆ. ‘ನಾನು ಬರೀ ಜಾಮೀನು’ ಅಂದರೆ ಬ್ಯಾಂಕಿನವರು ನಗುತ್ತಾರೆ. ಗಂಡ ಹೆಂಡತಿ ಸೇರಿ ತೆಗೆದ ಮನೆ ಸಾಲ, ಮಗಳ ಓದಿನ ಸಾಲಕ್ಕೆ ಅಪ್ಪ ಹಾಕಿದ ಸಹಿ, ಇವೂ ಇಬ್ಬರ ಕಡತದಲ್ಲೂ ಇರುತ್ತವೆ.

ಇದಕ್ಕಿಂತ ನೋವಿನ ಸಂಗತಿ ಸಂಘದ ಸಾಲದ್ದು. ‘ಅವಳಿಗೆ ಅರ್ಜೆಂಟಿತ್ತು, ನನ್ನ ಹೆಸರಲ್ಲಿ ತೆಗೆದುಕೊಟ್ಟೆ’ ಅನ್ನುವ ಮಾತು ಮೈಕ್ರೋ ಫೈನಾನ್ಸ್ ಇರುವ ಹಳ್ಳಿಗಳಲ್ಲಿ ಹೊಸದಲ್ಲ. ಕಡತಕ್ಕೆ ಸ್ನೇಹ ಗೊತ್ತಿಲ್ಲ, ಹೆಸರು ಮಾತ್ರ ಗೊತ್ತು. ಹಣ ಯಾರ ಕೈಗೆ ಹೋಯಿತು ಅನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ. ಮೈಕ್ರೋ ಫೈನಾನ್ಸ್ ಸಾಲ ಅಂದರೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯದ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲ. ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಹಾಗಾಗಿ ಗೆಳತಿಗಾಗಿ ತೆಗೆದ ಸಾಲ ನಾಳೆ ನಿಮ್ಮ ಮನೆಗೆ ಬೇಕಾದಾಗ ಆ ಅರ್ಧವನ್ನು ತಿಂದುಹಾಕಿರುತ್ತದೆ.

ಇನ್ನು ನನ್ನ 413 ರೂಪಾಯಿ. ಒಂದು ಕ್ರೆಡಿಟ್ ಕಾರ್ಡ್ ಇತ್ತು. ಬಳಸುವುದು ಬಿಟ್ಟೆ, ಕತ್ತರಿಸಿ ಎಸೆದೆ, ಮುಗಿಯಿತು ಅಂದುಕೊಂಡೆ. ಕಾರ್ಡ್ ಕತ್ತರಿಸಿದರೆ ಖಾತೆ ಮುಚ್ಚುವುದಿಲ್ಲ ಅಲ್ವಾ? ವಾರ್ಷಿಕ ಶುಲ್ಕದ ಚೂರು ಉಳಿದಿತ್ತು. ಪತ್ರಗಳು ನಾನು ಬಿಟ್ಟುಬಂದ ಬಾಡಿಗೆ ಮನೆಗೆ ಹೋಗುತ್ತಿದ್ದವು. ಎರಡು ವರ್ಷದ ನಂತರ ಮನೆ ಸಾಲದ ಅಧಿಕಾರಿ ಪರದೆ ತಿರುಗಿಸಿ ತೋರಿಸಿದರು: ಓವರ್‌ಡ್ಯೂ 413. ಕಟ್ಟಲು ಐದು ನಿಮಿಷ. ಕಟ್ಟಿದ್ದು ಕಡತದಲ್ಲಿ ಕಾಣಲು ಮೂರು ವಾರ. ಅಷ್ಟರಲ್ಲಿ ಮನೆ ಮಾರುವವರು ಮುಂಗಡ ವಾಪಸ್ ಕೊಡುತ್ತೇನೆ ಅಂತ ಎರಡು ಸಲ ಫೋನ್ ಮಾಡಿದ್ದರು.

ಕಾರ್ಡ್ ಬೇಡವಾದರೆ ಬರೆದು ಕೇಳಿ ಮುಚ್ಚಿಸಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೇ ಕೊಡಬೇಕು. ಇದೂ ರಿಸರ್ವ್ ಬ್ಯಾಂಕಿನದ್ದೇ ನಿಯಮ.

ಹಂತ 4: 36 ತಿಂಗಳ ಪಟ್ಟಿ

ಇಡೀ ರಿಪೋರ್ಟಿನಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂರುವುದು ಇಲ್ಲಿ. ಅವರೂ ಅಷ್ಟೇ. ಪ್ರತಿ ಸಾಲದ ಕೆಳಗೆ ಚಿಕ್ಕ ಚಿಕ್ಕ ಮನೆಗಳಿರುವ ಒಂದು ಪಟ್ಟಿ ಇರುತ್ತದೆ. ಒಂದೊಂದು ಮನೆ ಒಂದೊಂದು ತಿಂಗಳು. ಮೂರು ವರ್ಷದ ಜಾತಕ. ಇದಕ್ಕೆ ‘ಡಿಪಿಡಿ’ ಅನ್ನುತ್ತಾರೆ. ಗಡುವು ದಾಟಿ ಎಷ್ಟು ದಿನವಾಯಿತು ಅನ್ನುವ ಲೆಕ್ಕ.

000 ಅಂದರೆ ಆ ತಿಂಗಳು ಬಾಕಿ ಇಲ್ಲ. 027 ಅಂದರೆ 27 ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಅಂತಿದ್ದರೆ ಬ್ಯಾಂಕು ಆ ತಿಂಗಳ ಮಾಹಿತಿ ಕಳಿಸಿಲ್ಲ, ಅದು ನಿಮ್ಮ ತಪ್ಪಲ್ಲ. ಕೆಲವರು ಅಂಕಿಯ ಬದಲು ಅಕ್ಷರ ಕಳಿಸುತ್ತಾರೆ. ಎಸ್‌ಟಿಡಿ ಅಂದರೆ ಸರಿಯಾಗಿ ನಡೆಯುತ್ತಿರುವ ಸಾಲ. ಎಸ್‌ಎಂಎ ಅಂದರೆ ಹಳಿ ತಪ್ಪುವ ಸೂಚನೆ. 90 ದಿನ ದಾಟಿದರೆ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅಲ್ಲಿಂದ ಮುಂದೆ ಸಬ್ (ಗುಣಮಟ್ಟ ಕುಸಿದದ್ದು), ಡಿಬಿಟಿ (ವಾಪಸ್ ಬರುವುದು ಅನುಮಾನ), ಎಲ್‌ಎಸ್‌ಎಸ್ ಅಂತ ಕೆಳಗೆ ಕೆಳಗೆ ಇಳಿಯುತ್ತದೆ. ಎಲ್‌ಎಸ್‌ಎಸ್ ಅಂದರೆ ಬ್ಯಾಂಕು ಅದನ್ನು ನಷ್ಟ ಅಂತಲೇ ಎಣಿಸಿದೆ.

ಅಧಿಕಾರಿ ಇದನ್ನು ಒಂದೊಂದಾಗಿ ಓದುವುದಿಲ್ಲ, ಆಕಾರ ನೋಡುತ್ತಾರೆ. 36 ಮನೆಗಳಲ್ಲಿ ಎಲ್ಲೋ ಒಂದು 012 ಇದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಮರೆತಿರಬಹುದು, ಊರಲ್ಲಿ ಜಾತ್ರೆ ಇದ್ದಿರಬಹುದು. 008, 038, 068 ಅಂತ ಏರುತ್ತಾ ಹೋದರೆ ಕಥೆ ಬೇರೆ, ಆ ಮನುಷ್ಯನಿಗೆ ಕಟ್ಟಲು ಆಗುತ್ತಿಲ್ಲ. ಎಲ್ಲ ಸಾಲಗಳಲ್ಲೂ ಒಂದೇ ತಿಂಗಳು ತಡವಾಗಿದ್ದರೆ ಕೆಲಸ ಹೋಗಿತ್ತೋ ಆಸ್ಪತ್ರೆ ಖರ್ಚಿತ್ತೋ ಅಂತ ಕೇಳುತ್ತಾರೆ. ಆಗ ಕಾಗದ ತೋರಿಸಿ. ಕಾರಣ ಕೇಳಿದಾಗ ಹೇಳಲು ಬರುವ ತಪ್ಪು, ಕಾರಣವಿಲ್ಲದ ತಪ್ಪಿಗಿಂತ ಎಷ್ಟೋ ಹಗುರ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಈ ಅಂಕಿ ಬ್ಯಾಂಕು ಲೆಕ್ಕ ಕಳಿಸುವ ದಿನದ ಸ್ಥಿತಿ. 2025ರ ಜನವರಿ 1ರಿಂದ ತಿಂಗಳಿಗೆ ಎರಡು ಸಲ ಲೆಕ್ಕ ಕಳಿಸಬೇಕೆಂಬ ನಿಯಮ ಬಂತು: 15ನೇ ತಾರೀಖಿನದ್ದೊಂದು, ತಿಂಗಳ ಕೊನೆಯದ್ದೊಂದು. 5ನೇ ತಾರೀಖಿನ ಕಂತು ಬೌನ್ಸ್ ಆಗಿ ನೀವು 9ಕ್ಕೆ ಕಟ್ಟಿದರೆ ಅದು ಈ ಪಟ್ಟಿಯಲ್ಲಿ ಕಾಣದೇ ಹೋಗಬಹುದು. ಹಾಗಂತ ಬೀಗಬೇಡಿ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅದರಲ್ಲಿ ಬೌನ್ಸ್ ಶುಲ್ಕ ಕಡಿದದ್ದು ಕಣ್ಣಿಗೆ ಹೊಡೆಯುವಂತೆ ಇರುತ್ತದೆ. ಸಂಬಳ 7ಕ್ಕೆ ಬರುವುದಾದರೆ ಕಂತಿನ ದಿನವನ್ನು 10ಕ್ಕೆ ಬದಲಿಸಿಕೊಡಿ ಅಂತ ಕೇಳಿ. ಎಲ್ಲರೂ ಒಪ್ಪುವುದಿಲ್ಲ, ಕೇಳುವುದಕ್ಕೆ ಕಾಸಿಲ್ಲ.

ಕ್ರೆಡಿಟ್ ಕಾರ್ಡಿಗೆ ಸ್ವಲ್ಪ ರಿಯಾಯಿತಿ ಇದೆ. ಕೊನೆಯ ದಿನ ದಾಟಿ 3 ದಿನಕ್ಕಿಂತ ಜಾಸ್ತಿ ಆದರೆ ಮಾತ್ರ ತಡ ಅಂತ ವರದಿ ಮಾಡಬೇಕು. ಆದರೆ ಕಾರ್ಡ್‌ನ ಇನ್ನೊಂದು ಬಲೆ ಬಾಕಿ ಮೊತ್ತದ್ದು. ಮಿತಿ 1 ಲಕ್ಷ, ತಿಂಗಳ ಖರ್ಚು 82,000, ಬಿಲ್ ಬಂದಾಗ ಪೂರ್ತಿ ಕಟ್ಟುತ್ತೀರಿ. ನಿಮ್ಮ ಪ್ರಕಾರ ಸಾಲ ಸೊನ್ನೆ. ಕಡತದಲ್ಲಿ ಲೆಕ್ಕ ಹೋದ ದಿನದ 82,000 ಕಾಣುತ್ತದೆ. ನೋಡುವವರಿಗೆ ನೀವು ಕುತ್ತಿಗೆವರೆಗೆ ಕಾರ್ಡ್‌ನಲ್ಲಿ ಮುಳುಗಿದವರು. ಕೆಲವು ಬ್ಯಾಂಕುಗಳು ಕಾರ್ಡ್ ಬಾಕಿಯ 5% ಅನ್ನು ತಿಂಗಳ ಕಂತು ಅಂತ ಹಿಡಿದು ನಿಮ್ಮ ಸಾಲದ ಯೋಗ್ಯತೆಯಲ್ಲಿ ಕಳೆಯುತ್ತವೆ. 82,000ಕ್ಕೆ 4,100 ರೂಪಾಯಿ! ದೊಡ್ಡ ಸಾಲಕ್ಕೆ ಹೋಗುವ ಎರಡು ತಿಂಗಳ ಮೊದಲಿಂದ ಬಿಲ್ ತಯಾರಾಗುವ ಮುಂಚೆಯೇ ಹಣ ತುಂಬುತ್ತಾ ಬನ್ನಿ. ಮಿತಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬಾಕಿ ಕಂಡರೆ ಒಳ್ಳೆಯದು.

ಹಂತ 5: ಒಂದೇ ಪದದಲ್ಲಿ ಮುಗಿಸುವ ತೀರ್ಪುಗಳು

ಕೆಲವು ಸಾಲಗಳ ಮುಂದೆ ಒಂದು ಪದ ಇರುತ್ತದೆ. ‘ಕ್ಲೋಸ್ಡ್’ ಇದ್ದರೆ ಸಂತೋಷ.

‘ಸೆಟಲ್ಡ್’ ಬೇರೆ. 90,000 ಬಾಕಿ ಇತ್ತು, ವಸೂಲಿಯವರು ‘40,000 ಕಟ್ಟಿ ಮುಗಿಸಿ’ ಅಂದರು, ಕಟ್ಟಿದಿರಿ. ನಿಮ್ಮ ಮಟ್ಟಿಗೆ ಲೆಕ್ಕ ಚುಕ್ತಾ. ಕಡತದ ಮಟ್ಟಿಗೆ 50,000 ಮುಳುಗಿಸಿದವರು. ಕ್ಲೋಸ್ಡ್‌ಗೂ ಸೆಟಲ್ಡ್‌ಗೂ ಇರುವ ಈ ವ್ಯತ್ಯಾಸವನ್ನು ವಸೂಲಿಯವರು ಫೋನಲ್ಲಿ ಹೇಳುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದಾಗ ಸೆಟಲ್ ಮಾಡಿಕೊಳ್ಳುವುದು ತಪ್ಪಲ್ಲ. ಆದರೆ ಕೈಲಾದಾಗ ಉಳಿದ ಹಣ ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ಪಡೆದು, ಕಡತದಲ್ಲಿ ಬದಲಿಸಲು ಅದೇ ಬ್ಯಾಂಕಿಗೆ ಬರೆಯಿರಿ.

‘ರಿಟನ್ ಆಫ್’ ಅಂದರೆ ಮನ್ನಾ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬ್ಯಾಂಕು ತನ್ನ ಪುಸ್ತಕದಲ್ಲಿ ಮಾತ್ರ ಅದನ್ನು ಆಚೆ ಇಟ್ಟಿದೆ. ಹಣ ಕೇಳುವ ಹಕ್ಕು ಹಾಗೇ ಇದೆ. ‘ಸೂಟ್ ಫೈಲ್ಡ್’ ಅಂದರೆ ಕೋರ್ಟಿಗೆ ಹೋಗಿದ್ದಾರೆ. ‘ವಿಲ್‌ಫುಲ್ ಡಿಫಾಲ್ಟ್’ ಅಂದರೆ ಇದ್ದೂ ಕಟ್ಟಲಿಲ್ಲ ಅನ್ನುವ ಆರೋಪ. ಇವೆರಡು ಇದ್ದ ಮೇಲೆ ಮೇಲಿನ ಸ್ಕೋರ್ ಎಷ್ಟಿದ್ದರೇನು.

ಇವೆಲ್ಲ ಎಷ್ಟು ದಿನ ಉಳಿಯುತ್ತವೆ? ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮವಿದೆ. ಕನಿಷ್ಠ ಅನ್ನುವ ಪದ ಗಮನಿಸಿ. ಏಳು ವರ್ಷಕ್ಕೆ ತಾನಾಗೇ ಅಳಿಸಿಹೋಗುತ್ತದೆ ಅನ್ನುವ ಮಾತನ್ನು ನಂಬಿ ಕೂರಬೇಡಿ. ಹಾಗೆಯೇ, ‘ಹಣ ಕೊಡಿ, ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ’ ಅಂತ ಬೋರ್ಡ್ ಹಾಕಿದವರ ಹತ್ತಿರ ಹೋಗಬೇಡಿ. ನಿಜವಾದ ಬಾಕಿಯನ್ನು ಅಳಿಸುವ ಶಕ್ತಿ ಅವರಿಗಿಲ್ಲ. ತಪ್ಪು ಮಾಹಿತಿ ತಿದ್ದಿಸಲು ಅವರು ಬೇಕಾಗಿಯೇ ಇಲ್ಲ.

ಹಂತ 6: ಕೊನೆಯ ಪುಟ, ಯಾರು ಯಾರು ಇಣುಕಿದರು

ನೀವು ಸಾಲ ಕೇಳಿದಾಗಲೆಲ್ಲ ಆ ಸಂಸ್ಥೆ ನಿಮ್ಮ ಕಡತ ತೆಗೆದು ನೋಡುತ್ತದೆ. ಹಾಗೆ ನೋಡಿದ್ದೂ ದಾಖಲಾಗುತ್ತದೆ: ದಿನಾಂಕ, ಯಾವ ಬಗೆಯ ಸಾಲ, ಎಷ್ಟು ಮೊತ್ತ. ಸಾಲ ಸಿಕ್ಕಿತೋ ತಿರಸ್ಕಾರವಾಯಿತೋ ಅಂತ ಬರೆದಿರುವುದಿಲ್ಲ. ಬರೆಯಬೇಕಾಗಿಯೂ ಇಲ್ಲ. ಮಾರ್ಚ್‌ನಲ್ಲಿ ಐದು ಕಡೆ ವೈಯಕ್ತಿಕ ಸಾಲ ಕೇಳಿದ್ದೀರಿ, ಏಪ್ರಿಲ್‌ನಲ್ಲಿ ಹೊಸ ಸಾಲ ಒಂದೂ ಇಲ್ಲ. ಐವರೂ ಬೇಡ ಅಂದಿದ್ದಾರೆ ಅಂತ ಆರನೆಯವರು ಊಹಿಸುತ್ತಾರೆ. ಊಹೆ ತಪ್ಪಿರಬಹುದು. ನೀವು ಬರೀ ಬಡ್ಡಿ ಹೋಲಿಸುತ್ತಿದ್ದಿರಬಹುದು. ಆದರೆ ಅಲ್ಲಿ ಕೂತು ವಿವರಿಸಲು ನೀವಿರುವುದಿಲ್ಲವಲ್ಲ.

‘ನಿಮಗೆ ಎಷ್ಟು ಸಾಲ ಸಿಗುತ್ತದೆ ನೋಡಿ’ ಅನ್ನುವ ಬಟನ್ ಒತ್ತಿ, ಸಣ್ಣ ಅಕ್ಷರಗಳಿಗೆ ಒಪ್ಪಿಗೆ ಕೊಟ್ಟರೆ ನಿಮ್ಮ ಅರ್ಜಿ ಒಂದೇ ಸಲ ಹಲವು ಸಂಸ್ಥೆಗಳಿಗೆ ಹೋಗಬಹುದು. ಬಡ್ಡಿ ಎಷ್ಟು ಅಂತ ಬಾಯಲ್ಲಿ ವಿಚಾರಿಸಿ. ಒಂದೆರಡು ಕಡೆ ಮಾತ್ರ ಅರ್ಜಿ ಹಾಕಿ.

2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಕೆಲಸ ಮಾಡಿತು. ಯಾರಾದರೂ ಸಂಸ್ಥೆ ನಿಮ್ಮ ಕಡತ ತೆಗೆದರೆ ನಿಮಗೆ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕು ಅಂದಿತು. ಬರುವುದು ನಂಬರ್ ಸರಿಯಿದ್ದರೆ ಮಾತ್ರ. ಎರಡನೇ ಹಂತದಲ್ಲಿ ಫೋನ್ ನಂಬರ್ ನೋಡಿ ಅಂದಿದ್ದು ಇದಕ್ಕೂ ಹೌದು. ನೀವು ಅರ್ಜಿ ಹಾಕದೇ ಇಂಥ ಸಂದೇಶ ಬಂದರೆ ಅವತ್ತೇ ವಿಚಾರಿಸಿ.

ಹಂತ 7: ಏನು ಕಾಣುವುದಿಲ್ಲ

ನಿಮ್ಮ ಉಳಿತಾಯ ಖಾತೆಯಲ್ಲಿ ಎಷ್ಟಿದೆ ಅನ್ನುವುದು ಈ ಕಡತದಲ್ಲಿಲ್ಲ. ಎಫ್‌ಡಿ, ಮ್ಯೂಚುವಲ್ ಫಂಡ್, ಎಲ್‌ಐಸಿ ಪಾಲಿಸಿ, ಊರಿನ ಜಮೀನು ಯಾವುದೂ ಇಲ್ಲ. ಇದು ಸಾಲದ ಜಾತಕ, ಆಸ್ತಿಯದ್ದಲ್ಲ. ಅದಕ್ಕೇ ಕೋಟಿ ಬೆಲೆಯ ತೋಟ ಇಟ್ಟುಕೊಂಡು ಜೀವನದಲ್ಲಿ ಸಾಲವೇ ಮಾಡದವರ ಕಡತ ಖಾಲಿ ಇರುತ್ತದೆ. ಸ್ಕೋರಿನ ಜಾಗದಲ್ಲಿ ‘-1’ ಅಥವಾ ‘ಎನ್‌ಎಚ್’ ಅಂತ ಬರುತ್ತದೆ. ಕೆಟ್ಟ ಸ್ಕೋರ್ ಅಲ್ಲ ಅದು, ಇತಿಹಾಸ ಇಲ್ಲ ಅಂತ ಅರ್ಥ. ಸಾಲಕ್ಕೆ ಇಷ್ಟೇ ಸ್ಕೋರ್ ಇರಬೇಕು ಅಂತ ರಿಸರ್ವ್ ಬ್ಯಾಂಕ್ ನಿಗದಿ ಮಾಡಿಲ್ಲ, ಮೊದಲ ಸಲ ಸಾಲ ಕೇಳುವವರನ್ನು ಇತಿಹಾಸ ಇಲ್ಲ ಅನ್ನುವ ಒಂದೇ ಕಾರಣಕ್ಕೆ ವಾಪಸ್ ಕಳಿಸಬಾರದು ಅಂತ ಕೇಂದ್ರ ಹಣಕಾಸು ಸಚಿವಾಲಯ 2025ರ ಆಗಸ್ಟ್‌ನಲ್ಲಿ ಲೋಕಸಭೆಗೆ ಹೇಳಿತು. ಯಾರಾದರೂ ‘ಸಿಬಿಲ್ ಇಲ್ಲ, ಹೋಗಿ’ ಅಂದರೆ ಇದನ್ನು ನೆನಪಿಸಿ.

ಗೆಳೆಯರ ಕೈಸಾಲ, ಬಡ್ಡಿ ವ್ಯವಹಾರ, ಬೀದಿಯ ಚೀಟಿ ಇಲ್ಲಿ ಬರುವುದಿಲ್ಲ. ಜಾತಿ, ಧರ್ಮ, ಕಾಯಿಲೆ, ಪೊಲೀಸ್ ಕೇಸು ಇಲ್ಲ. ಕಾರ್ಡ್‌ನಲ್ಲಿ ಏನು ಕೊಂಡಿರಿ ಅನ್ನುವುದೂ ಇಲ್ಲ, ಎಷ್ಟು ಬಾಕಿ ಅನ್ನುವುದಷ್ಟೇ.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ಅಮೆರಿಕದಲ್ಲಿ ನಿಮ್ಮ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಅದು ಇಲ್ಲಿಯ ಕಡತಕ್ಕೆ ಬರುವುದಿಲ್ಲ. ಇಲ್ಲಿ ಬಿಟ್ಟುಹೋದ ಹಳೆಯ ಕಾರ್ಡ್ ಬಾಕಿ ಮಾತ್ರ ನಿಮ್ಮ ಪ್ಯಾನ್ ಹಿಡಿದುಕೊಂಡು ಕಾಯುತ್ತಿರುತ್ತದೆ. ಮೈಸೂರಲ್ಲಿ ಸೈಟು ಕೊಂಡು ಮನೆ ಕಟ್ಟಲು ಸಾಲ ಕೇಳಿದ ದಿನ ಅದು ಎದ್ದು ಬರುತ್ತದೆ.

ಹಂತ 8: ತಪ್ಪಿದ್ದರೆ ತಿದ್ದಿಸಿ

ಕಟ್ಟಿ ಮುಗಿಸಿದ ಸಾಲ ಇನ್ನೂ ಚಾಲ್ತಿಯಲ್ಲಿದೆ, ಬೇರೆಯವರ ಸಾಲ ನಿಮ್ಮ ಹೆಸರಲ್ಲಿದೆ, ಒಂದೇ ಸಾಲ ಎರಡು ಸಲ ಬಂದಿದೆ. ಸಾಮಾನ್ಯವಾಗಿ ಸಿಗುವ ತಪ್ಪುಗಳು ಇವು.

ಮೊದಲು ಕಾಗದ ಒಟ್ಟು ಮಾಡಿ: ಬಾಕಿ ಇಲ್ಲ ಅನ್ನುವ ಪತ್ರ, ಕೊನೆಯ ಕಂತಿನ ರಸೀದಿ, ಸಾಲದ ಸ್ಟೇಟ್‌ಮೆಂಟ್. ನಂತರ ಎರಡೂ ಕಡೆ ದೂರು ಕೊಡಿ. ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲಿ ‘ಡಿಸ್‌ಪ್ಯೂಟ್’ ಹಾಕಿ, ಇದಕ್ಕೆ ಶುಲ್ಕವಿಲ್ಲ. ಸಾಲ ಕೊಟ್ಟ ಬ್ಯಾಂಕಿಗೂ ಬರೆಯಿರಿ. ಯಾಕೆ ಎರಡೂ ಅಂದರೆ, ರಿಪೋರ್ಟ್ ಕಂಪನಿಯವರು ತಾವಾಗಿ ಏನನ್ನೂ ತಿದ್ದುವುದಿಲ್ಲ. ಬ್ಯಾಂಕು ‘ಹೌದು, ತಪ್ಪು’ ಅಂತ ಹೇಳಬೇಕು. ಶಾಖೆಗೆ ಹೋಗಿ ಬಾಯಲ್ಲಿ ಹೇಳಿ ಬಂದರೆ ದೂರು ಕೊಟ್ಟಂತೆ ಆಗುವುದಿಲ್ಲ. ದೂರಿನ ಸಂಖ್ಯೆ, ದಿನಾಂಕ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಲೆಕ್ಕ ಆ ದಿನಾಂಕದಿಂದ.

ಗಡುವು 30 ದಿನ. ಅದರಲ್ಲಿ ಬ್ಯಾಂಕಿಗೆ 21 ದಿನ. 30 ದಾಟಿದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಿಗಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ಮೊತ್ತ ದೊಡ್ಡದಲ್ಲ. ಆದರೆ ನಿಮ್ಮ ಪತ್ರದಲ್ಲಿ ಈ ಒಂದು ಸಾಲು ಸೇರಿಸಿ ನೋಡಿ, ಉತ್ತರದ ವೇಗವೇ ಬದಲಾಗುತ್ತದೆ. ಸ್ಕೋರ್ ಯಾಕೆ ಕಡಿಮೆ ಅನ್ನುವ ತಕರಾರಿಗೆ ಈ ಪರಿಹಾರ ಇಲ್ಲ, ಮಾಹಿತಿ ತಪ್ಪಿದ್ದರೆ ಮಾತ್ರ.

30 ದಿನದಲ್ಲಿ ಉತ್ತರ ಬರಲಿಲ್ಲ, ಇಲ್ಲವೇ ಬಂದ ಉತ್ತರ ಸರಿಯಿಲ್ಲ ಅಂದರೆ ಗ್ರಾಹಕರ ದೂರು ಕೇಳಲೆಂದೇ ಇರುವ ಅಧಿಕಾರಿ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಈ ರಿಪೋರ್ಟ್ ಕಂಪನಿಗಳ ಮೇಲೂ ಅಲ್ಲಿ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಡಬಹುದು, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ವಿವರ ಬೇಕಾದರೆ 14448ಕ್ಕೆ ಫೋನ್ ಮಾಡಿ.

ಹಂತ 9: ಅರ್ಜಿ ಹಾಕುವ ಮೊದಲು ಒಂದು ಲೆಕ್ಕ

ಅಧಿಕಾರಿ ಮಾಡುವ ಲೆಕ್ಕವನ್ನು ನೀವೇ ಮಾಡಿ. ಕೈಗೆ ಬರುವ ಸಂಬಳ 60,000 ಅಂದುಕೊಳ್ಳಿ. ಕಾರಿನ ಕಂತು 9,500. ವೈಯಕ್ತಿಕ ಸಾಲ 6,200. ಕಾರ್ಡ್ ಬಾಕಿಯ ಲೆಕ್ಕದಲ್ಲಿ 4,100. ಈಗಾಗಲೇ 19,800 ಹೋಯಿತು. ಎಲ್ಲ ಕಂತು ಸೇರಿ ಸಂಬಳದ ಅರ್ಧದ ಆಸುಪಾಸು ದಾಟಬಾರದು ಅಂತ ಹಲವು ಬ್ಯಾಂಕುಗಳು ನೋಡುತ್ತವೆ. ಹಾಗಾದರೆ ಮನೆ ಸಾಲದ ಕಂತಿಗೆ ಉಳಿದದ್ದು 10,000ದ ಹತ್ತಿರ. ಸ್ಕೋರ್ 800 ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಕಾರ್ಡ್ ಬಾಕಿ ತೀರಿಸಿ, ವೈಯಕ್ತಿಕ ಸಾಲ ಮುಗಿಸಿ ಬಂದರೆ 20,000ದ ಮೇಲಾಗುತ್ತದೆ. ಅದೇ ಮನುಷ್ಯ, ಅದೇ ಸಂಬಳ, ಎರಡರಷ್ಟು ಸಾಲ.

ತೀರಿಸಿದ ಮೇಲೆ ಒಂದು ತಿಂಗಳು ಬಿಡಿ. ಅಷ್ಟರಲ್ಲಿ ಹೊಸ ಮಾಹಿತಿ ಕಡತಕ್ಕೆ ಹೋಗಿರುತ್ತದೆ. ಆಮೇಲೆ ನಾಲ್ಕರಲ್ಲಿ ಇನ್ನೂ ಬಳಸದ ಕಂಪನಿಯಿಂದ ಒಂದು ಉಚಿತ ರಿಪೋರ್ಟ್ ತೆಗೆದು, ‘ಕ್ಲೋಸ್ಡ್’ ಅಂತ ಬಂದಿದೆಯಾ ನೋಡಿ. ಬಂದಿದ್ದರೆ ಆ ಪುಟವನ್ನು ಮುದ್ರಿಸಿ, ಬಾಕಿ ಇಲ್ಲ ಅನ್ನುವ ಪತ್ರದ ಜೊತೆ ಪಿನ್ ಮಾಡಿ ಅರ್ಜಿಯ ಫೈಲಿನಲ್ಲೇ ಇಡಿ. ಬ್ಯಾಂಕು ಬೇರೆ ಕಂಪನಿಯ ರಿಪೋರ್ಟ್ ತರಿಸಿ, ಅದರಲ್ಲಿ ಹಳೆಯ ಬಾಕಿ ಇನ್ನೂ ಕಾಣುತ್ತಿದ್ದರೆ ಆ ಎರಡು ಹಾಳೆ ಕೆಲಸಕ್ಕೆ ಬರುತ್ತವೆ. ನಾನು 413 ರೂಪಾಯಿಯ ರಸೀದಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ, ಮನೆಯ ಕ್ರಯಪತ್ರದ ಜೊತೆಯಲ್ಲೇ.